ಫಿರ್ಯಾದುದಾರರು ತೋರಿಸಿದ ಸ್ಥಳ

ದೋಷಾರೋಪಣ ಪಟ್ಟಿಯ ದೃಢೀಕೃತ ನಕಲು ಕೈಗೆ ಬಂದಾಗ ನಾನು ಗುಬ್ಬಿ ಕೋರ್ಟಿನ ನಕಲು ವಿಭಾಗದ ಕಿಟಕಿಯ ಮುಂದೆಯೇ ನಿಂತಿದ್ದೆ. ರೂಢಿಯಂತೆ ಮೊದಲು ಆರೋಪಿಯ ಹೆಸರು ನೋಡಿದೆ. ಟಿಪ್ಪರ್ ಲಾರಿಯ ಚಾಲಕನ ಹೆಸರಿರಬೇಕಾದ ಕಡೆ ನನ್ನ ಕಕ್ಷಿದಾರನ ಹೆಸರಿತ್ತು. ಬೇರೆ ಯಾವುದೋ ಕಡತದ ನಕಲು ಕೊಟ್ಟಿದ್ದಾರೆ ಅಂದುಕೊಂಡು ಕಿಟಕಿಯೊಳಗಿದ್ದ ಗುಮಾಸ್ತೆಯ ಮೇಲೆ ರೇಗಿದೆ. ಆಕೆ ತಲೆಯನ್ನೂ ಎತ್ತದೆ, "ಕ್ರೈಂ ನಂಬರ್ ನೋಡ್ಕೊಳಿ ಮೇಡಂ, ನಿಮ್ದೇ" ಅಂದಳು. ನೋಡಿದೆ. ನನ್ನದೇ ಆಗಿತ್ತು.

ಕಕ್ಷಿದಾರ ಗುಬ್ಬಿ ತಾಲೂಕಿನ ಒಂದು ಹಳ್ಳಿಯವನು. ತೆಂಗಿನಮರ ಹತ್ತಿ ಕಾಯಿ ಕೆಡವುವುದು ಅವನ ಕಸುಬು. ಒಂದು ಬೆಳಿಗ್ಗೆ ಮೊಪೆಡ್‌ನಲ್ಲಿ ಗುಬ್ಬಿಯ ಕಡೆ ಬರುತ್ತಿದ್ದಾಗ ಎದುರಿನಿಂದ ಎಂ-ಸ್ಯಾಂಡ್ ತುಂಬಿಕೊಂಡು ಬಂದ ಟಿಪ್ಪರ್ ಗುದ್ದಿತು. ತುಮಕೂರಿನ ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಗುದ್ದಿದ್ದು ಹೇಗೆ ಅನ್ನುವುದು ಅವನಿಗೆ ನೆನಪೇ ಇರಲಿಲ್ಲ. ಕಣ್ಣಾರೆ ಕಂಡವರೂ ಸಿಗಲಿಲ್ಲ. ಅವನ ಹೆಂಡತಿ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಶಾಲೆಯಿಂದ ಕೂಗಳತೆ ದೂರದಲ್ಲೇ ಅಪಘಾತವಾದದ್ದರಿಂದ ಮನೆಯವರ ಪೈಕಿ ಮೊದಲು ಓಡಿಹೋದವಳು ಅವಳೇ. ಟಿಪ್ಪರ್ ಚಾಲಕನ ಮೇಲೆ ದೂರು ಕೊಟ್ಟವಳೂ ಅವಳೇ. ಆ ಎಫ್‌ಐಆರ್ ಹಿಡಿದು ಗಂಡ ಹೆಂಡತಿ ಶಿರಾ ಗೇಟಿನ ನನ್ನ ಆಫೀಸಿಗೆ ಬಂದಿದ್ದರು. ಮೆಟ್ಟಿಲು ಹತ್ತಲು ಅವನಿಗೆ ಅರ್ಧ ಗಂಟೆ ಬೇಕಾಯಿತು. ಅಷ್ಟು ದಿನ ದಿನಕ್ಕೆ ಇಪ್ಪತ್ತು ಮೂವತ್ತು ಮರ ಹತ್ತುತ್ತಿದ್ದವನು.

ನಮ್ಮ ಕೆಲಸದಲ್ಲಿ ಪರಿಹಾರದ ಅರ್ಜಿ ನಿಲ್ಲುವುದು ಬೀಳುವುದು ಎಲ್ಲ ಪೊಲೀಸರ ಕಾಗದದ ಮೇಲೆ. ಎದುರು ವಾಹನದ ಚಾಲಕನ ತಪ್ಪು ಅಂತ ಪೊಲೀಸರು ಬರೆದರೆ ವಿಮಾ ಕಂಪನಿ ಗೊಣಗುತ್ತಲಾದರೂ ದಾರಿಗೆ ಬರುತ್ತದೆ. ಗಾಯಗೊಂಡವನದೇ ತಪ್ಪು ಅಂತ ಬರೆದುಬಿಟ್ಟರೆ ಅವನ ಅರ್ಜಿ ಸತ್ತಂತೆಯೇ. ಈ ಕಡತದಲ್ಲಿ ಹಾಗೇ ಬರೆದಿತ್ತು. ತನಿಖೆಯ ಕೊನೆಗೆ ಟಿಪ್ಪರ್ ಚಾಲಕನನ್ನು ಕೈಬಿಟ್ಟು, ಮೊಪೆಡ್ ಸವಾರನೇ ರಸ್ತೆಯ ಬಲಬದಿಗೆ ಬಂದು ಗುದ್ದಿಸಿಕೊಂಡ ಎಂದು ಅವನ ಮೇಲೆ ಅತಿವೇಗ, ಅಜಾಗರೂಕತೆಯ ಆರೋಪ ಹೊರಿಸಿದ್ದರು. ಕಾಲೂ ಹೋಗಿ, ಆರೋಪಿಯೂ ಆಗಿದ್ದ.

ಎಲ್ಲಕ್ಕೂ ಆಧಾರ ಸ್ಥಳ ಮಹಜರಿನ ಜೊತೆಗಿದ್ದ ಒಂದು ಕೈನಕ್ಷೆ. ರಸ್ತೆ ಹದಿನೆಂಟು ಅಡಿ ಅಗಲ. ಗುಬ್ಬಿಗೆ ಹೋಗುವವರ ಎಡಕ್ಕೆ ಕಾಲುವೆ, ಬಲಕ್ಕೆ ಒಂದು ಹೊಂಗೆ ಮರ. ಕಕ್ಷಿದಾರ ಎಡಕ್ಕೆ, ಕಾಲುವೆ ಬದಿಗೆ ಇರಬೇಕಿತ್ತು. ನಕ್ಷೆಯಲ್ಲಿ ಗುದ್ದಿದ ಜಾಗದ ಗುಣಾಕಾರ ಚಿಹ್ನೆ ಹೊಂಗೆ ಮರದ ಕಡೆಯ ಅಂಚಿನಿಂದ ಎರಡೇ ಅಡಿ ಒಳಗಿತ್ತು. ಅಲ್ಲಿ ರಕ್ತದ ಮಣ್ಣು, ಗಾಜಿನ ಚೂರು ಸಿಕ್ಕಿದವು ಎಂದೂ ಬರೆದಿತ್ತು. ಮಹಜರಿನ ಮೊದಲ ಸಾಲು, "ಫಿರ್ಯಾದುದಾರರು ಹಾಜರಿದ್ದು ತೋರಿಸಿದ ಸ್ಥಳ". ಈ ಸಾಲನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ. ಫಿರ್ಯಾದುದಾರರು ಆಸ್ಪತ್ರೆಯಲ್ಲಿರಲಿ, ಅಮೆರಿಕದಲ್ಲಿರಲಿ, ಪ್ರತಿ ಮಹಜರೂ ಈ ಸಾಲಿನಿಂದಲೇ ಶುರುವಾಗುವುದು. ಪತ್ರದ ಮೇಲಿನ "ಕ್ಷೇಮ"ದ ಹಾಗೆ. ನಾನೂ ಓದದೆ ಮುಂದೆ ಹೋದೆ.

ಹೆಂಡತಿಯನ್ನು ಕರೆಸಿ ನಕ್ಷೆ ತೋರಿಸಿದೆ.

"ನೀನು ಓಡಿ ಹೋದಾಗ ರಕ್ತ ಎಲ್ಲಿತ್ತು?"

"ಕಾಲುವೆ ಕಡೆ ಮೇಡಂ. ಟಾರು ಮುಗ್ದು ಮಣ್ಣು ಶುರುವಾಗ್ತದಲ್ಲ, ಅಲ್ಲಿ."

"ನಕ್ಷೆ ಬರೀವಾಗ ನೀನಿದ್ಯಾ?"

ಅವಳು ಸೆರಗಿನ ತುದಿ ಹಿಡಿದುಕೊಂಡು ನಕ್ಷೆಯನ್ನೇ ನೋಡುತ್ತ ಕೂತಳು. "ಇರ್ಲಿಲ್ಲ. ಸೈನು ಆಸ್ಪತ್ರೆ ತಾವ ಹಾಕಿಸ್ಕಂಡ್ರು" ಅಂದಳು. ಆ ತಡ, ಆ ಸೆರಗು ಎರಡೂ ನನಗೆ ಕಂಡವು. ಆದರೆ ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಬೇಕಾದ ಉತ್ತರ ಸಿಕ್ಕಿದ ಮೇಲೆ ವಕೀಲರು ಎರಡನೇ ಪ್ರಶ್ನೆ ಕೇಳುವುದಿಲ್ಲ.

ಅಲ್ಲಿಂದ ಕಾಗದ ಬೇಟೆ ಶುರುವಾಯಿತು. ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ ತೆಗೆಸಿದೆ. ಠಾಣೆಯ ದಿನಚರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ; ತನಿಖೆಗೆ ಸಂಬಂಧಿಸಿದ್ದು, ಕೊಡಲಾಗದು ಎಂದು ಎರಡು ಸಾಲಿನ ಉತ್ತರ ಬಂತು. ರಸ್ತೆಯ ಮುಂದಿನ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಆ ದಿನದ ಚಿತ್ರ ಅಳಿಸಿಹೋಗಿ ತಿಂಗಳುಗಳಾಗಿದ್ದವು. ಪ್ರತಿ ಸಲ ಠಾಣೆಗೆ ಹೋದಾಗಲೂ ರೈಟರ್ ಬಂದೋಬಸ್ತಿಗೆ ಹೋಗಿರುತ್ತಿದ್ದರು, ಇಲ್ಲವೇ ಜೆರಾಕ್ಸ್ ಮಷೀನು ಕೆಟ್ಟಿರುತ್ತಿತ್ತು. ಠಾಣೆಯ ಹೆಸರು ಇಲ್ಲಿ ಬೇಡ. ಅದರ ಹಿತ್ತಲಿನಲ್ಲಿ ಜಪ್ತಿ ಮಾಡಿದ ಗಾಡಿಗಳ ರಾಶಿಯಲ್ಲಿ ನಮ್ಮ ಮೊಪೆಡ್ಡೂ ಇತ್ತು. ಹ್ಯಾಂಡಲ್ಲಿಗೆ ಕಟ್ಟಿದ್ದ ಕಾಯಿ ಕೀಳುವ ಹಗ್ಗ ಹಾಗೇ ನೇತಾಡುತ್ತಿತ್ತು.

ಕೊನೆಗೆ ಮೋಟಾರು ವಾಹನ ನಿರೀಕ್ಷಕರ ವರದಿ ಸಿಕ್ಕಿತು. ಅಪಘಾತದ ಗಾಡಿಗಳಲ್ಲಿ ಏನೇನು ಜಖಂ ಆಗಿದೆ ಎಂದು ಬರೆಯುವ ಒಂದು ಹಾಳೆ ಅದು. ಟಿಪ್ಪರಿನ ಮುಂಭಾಗದ ಬಲಮೂಲೆಯಲ್ಲಿ ಬಂಪರ್ ಬಾಗಿದೆ, ಬಲ ಹೆಡ್‌ಲೈಟು ಒಡೆದಿದೆ, ಎಡಕ್ಕೆ ಏನೂ ಆಗಿಲ್ಲ ಎಂದಿತ್ತು. ನಾನು ಆಫೀಸಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ, ಅಡಿಗೆ ನಾಲ್ಕು ಬೆರಳಿನಂತೆ, ಆ ರಸ್ತೆಯನ್ನು ಬರೆದೆ. ಟಿಪ್ಪರಿನ ಅಗಲ ಎಂಟು ಅಡಿ. ಹೊಂಗೆ ಮರದ ಬದಿ ಎದುರಿನಿಂದ ಬರುವ ಟಿಪ್ಪರಿಗೆ ಎಡಬದಿ. ಆ ಅಂಚಿನಿಂದ ಎರಡು ಅಡಿಯಲ್ಲಿ ಟಿಪ್ಪರಿನ ಬಲಮೂಲೆ ತಾಗಬೇಕಾದರೆ ಮಿಕ್ಕ ಆರು ಅಡಿ ಟಿಪ್ಪರು ರಸ್ತೆಯಿಂದ ಆಚೆ, ಹೊಂಗೆ ಮರದ ಮೈಮೇಲೆ ಹತ್ತಿರಬೇಕು. ಮರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನಕ್ಷೆ ಸುಳ್ಳು. ಸೀಮೆಸುಣ್ಣ ಕೆಳಗಿಟ್ಟು ನಾನು ಜೋರಾಗಿ ನಕ್ಕೆ.

ನಕ್ಷೆ ಸುಳ್ಳಾದರೆ ಯಾರೋ ದುಡ್ಡು ತಿಂದು ಬರೆದಿರಬೇಕು. ನನ್ನ ತಲೆ ಬೇರೆ ದಾರಿ ಹಿಡಿಯಲೇ ಇಲ್ಲ. ತನಿಖೆ ಮಾಡಿದ ಎಎಸ್‌ಐ ಟಿಪ್ಪರ್ ಮಾಲೀಕನಿಂದ ಲಂಚ ಪಡೆದು ಸ್ಥಳ ಬದಲಾಯಿಸಿದ್ದಾನೆ ಎಂದು ಮೇಲಧಿಕಾರಿಗಳಿಗೆ ನಾಲ್ಕು ಪುಟದ ದೂರು ಬರೆದು, ಪರಿಹಾರದ ಅರ್ಜಿ ಇದ್ದ ತುಮಕೂರಿನ ನ್ಯಾಯಮಂಡಳಿಯ ಕಡತಕ್ಕೂ ಒಂದು ಪ್ರತಿ ಹಾಕಿದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮಮ್ಮ ನನಗೆ ಚಿಕ್ಕಂದಿನಿಂದ ಹೇಳುತ್ತಲೇ ಇದ್ದಳು. ಹದಿನೈದು ದಿನದಲ್ಲಿ ಎಎಸ್‌ಐ ಮೇಲೆ ಇಲಾಖಾ ವಿಚಾರಣೆ ಶುರುವಾಗಿ, ಅವರನ್ನು ಠಾಣೆಯಿಂದ ಎತ್ತಿ ತುಮಕೂರಿನ ಟ್ರಾಫಿಕ್ಕಿಗೆ ಹಾಕಿದರು. ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಟಿಪ್ಪರ್ ಮಾಲೀಕನ ಕಡೆಯವನೊಬ್ಬ ನನ್ನ ಕಣ್ಣಿಗೆ ಬೀಳತೊಡಗಿದ್ದು ಆಮೇಲೆ. ಬಿಳಿ ಷರಟು, ಹಣೆಗೆ ವಿಭೂತಿ, ಬಲು ಮೆತ್ತನೆಯ ಮಾತು. ಮೊದಲ ಸಲ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಬಂದು ನಿಂತ.

"ಅಕ್ಕಾ, ತುಮಕೂರಿಗಾ? ಬನ್ನಿ, ಕಾರೈತೆ, ಕ್ಯಾತ್ಸಂದ್ರದಲ್ಲಿ ಮನೆ ಬಾಗ್ಲಿಗೇ ಬಿಡ್ತೀನಿ."

ನನ್ನ ಮನೆ ಕ್ಯಾತ್ಸಂದ್ರದಲ್ಲಿದೆ ಎಂದು ನಾನು ಅವನಿಗೆ ಹೇಳಿರಲಿಲ್ಲ. ಬೇಡ ಅಂದೆ. "ಬಸ್ಸೇ ಕ್ಷೇಮ ಬುಡಿ. ಈ ರೋಡ್ ಸರಿ ಇಲ್ಲ, ದಿನಕ್ಕೊಂದ್ ಆಗ್ತದೆ" ಎಂದು ನಕ್ಕು ಹೋದ. ಬೈಯಲಿಲ್ಲ, ಬೆದರಿಸಲಿಲ್ಲ. ಅದನ್ನು ದೂರು ಅಂತ ಬರೆದರೆ ಓದಿದವರು ನನ್ನನ್ನೇ ನೋಡಿ ನಗುತ್ತಾರೆ. ಆಮೇಲೆ ಅವನು ನ್ಯಾಯಮಂಡಳಿಯ ವರಾಂಡದಲ್ಲಿ ಕಂಡ, ನನ್ನ ಆಫೀಸಿನ ಕೆಳಗಿನ ಟೀ ಅಂಗಡಿಯಲ್ಲಿ ಕಂಡ. ಪ್ರತಿ ಸಲವೂ ಕೈ ಮುಗಿಯುತ್ತಿದ್ದ. ಅದೇ ದಿನಗಳಲ್ಲಿ ಕಕ್ಷಿದಾರನ ಮನೆ ಮುಂದೆ ಬೆಳಿಗ್ಗೆ ಬೆಳಿಗ್ಗೆ ಒಂದು ಖಾಲಿ ಟಿಪ್ಪರು ಬಂದು, ಎಂಜಿನ್ ಆರಿಸದೆ ಹತ್ತು ನಿಮಿಷ ನಿಂತು ಹೋಗುತ್ತಿತ್ತಂತೆ. ಯಾರೂ ಇಳಿಯುತ್ತಿರಲಿಲ್ಲವಂತೆ. "ಪಾತ್ರೆ ಎಲ್ಲ ಅದುರ್ತವೆ ಮೇಡಂ" ಎಂದಳು ಹೆಂಡತಿ. ನಾನು ರಾತ್ರಿ ಬಾಗಿಲ ಚಿಲಕ ಎರಡು ಸಲ ನೋಡುವುದನ್ನು ಆಗ ಕಲಿತೆ.

ಲಂಚದ ಆರೋಪಕ್ಕೆ ನನಗೆ ಸಾಕ್ಷಿ ಬೇಕಿತ್ತು. ಮಹಜರಿಗೆ ಇಬ್ಬರು ಪಂಚರು ಸಹಿ ಹಾಕಿದ್ದರು. ಒಬ್ಬ ಊರಲ್ಲೇ ಅಂಗಡಿ ಇಟ್ಟವನು. ನನ್ನನ್ನು ಕಂಡರೆ ಅಂಗಡಿಯ ಬಾಗಿಲು ಎಳೆಯುತ್ತಿದ್ದ. ಇನ್ನೊಬ್ಬ ಮುದುಕ, ಆಮೇಲೆ ಮಗಳ ಊರಿಗೆ ಹೋಗಿ ನೆಲೆಸಿದ್ದ, ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಕಡೆ. ಒಂದು ಸೋಮವಾರ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಹುಡುಕಿಕೊಂಡು ಹೋದೆ. ಜಲಾಶಯದ ಕೆಳಗಿನ ಗದ್ದೆ ಬದುವಿನಲ್ಲಿ ಎಮ್ಮೆ ಮೇಯಿಸುತ್ತ ಕೂತಿದ್ದ.

"ಖಾಲಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರಾ ತಾತ?" ಅಂದೆ. ಉತ್ತರವನ್ನೂ ನಾನೇ ಕೈಗಿಟ್ಟ ಹಾಗೆ.

ಮುದುಕನಿಗೆ ಸಿಟ್ಟು ಬಂತು. "ಏನವ್ವ ಹಿಂಗಂತೀಯ! ನನಗೆ ಓದಾಕ್ ಬರ್ತದೆ, ಸೈನೇ ಹಾಕಿವ್ನಿ. ಪೊಲೀಸ್ನೋರು ಟೇಪು ಹಿಡ್ದು ಅಳುದ್ರು, ನಾನೇ ಒಂದ್ ತುದಿ ಹಿಡ್ಕಂಡಿದ್ದೆ. ಕಲ್ಲು, ಕುಂಕುಮ ಎಲ್ಲ ಹೊಂಗೆ ಮರದ ತಾವೇ ಇತ್ತು. ರಕ್ತದ ಮಣ್ಣೂ ಇತ್ತು, ಗಾಜೂ ಇತ್ತು."

"ಕುಂಕುಮವಾ? ಯಾವ ಕುಂಕುಮ?"

"ಇದೊಳ್ಳೆ ಆಯ್ತಲ್ಲ. ನಿನ್ ಪಾರ್ಟಿ ಹೆಂಡ್ರೇ ಕಣವ್ವ ಬೆಟ್ಟು ಮಾಡಿ ತೋರ್ಸಿದ್ದು, ಇದೇ ಜಾಗ ಅಂತ. ಅವಳ್ನ ಕೇಳ್ನಿಲ್ವಾ ನೀನು?"

ಕೇಳಿದ್ದೆ. ಕುಣಿಗಲ್ಲಿನಿಂದ ತುಮಕೂರಿನವರೆಗೆ ಬಸ್ಸಿನಲ್ಲಿ ಮಹಜರಿನ ಮೊದಲ ಸಾಲನ್ನು ಮತ್ತೆ ಮತ್ತೆ ಓದಿದೆ. ಸಾವಿರ ಮಹಜರುಗಳಲ್ಲಿ ಸುಮ್ಮನೆ ಬರೆದಿರುವ ಆ ಸಾಲು ಈ ಒಂದರಲ್ಲಿ ನಿಜವಾಗಿತ್ತು. ಲಂಚದ ಕಥೆಯನ್ನು ಕಟ್ಟಿದವಳು ನಾನು, ನಾಲ್ಕು ಪುಟ ತುಂಬಾ. ಮಾರನೆಯ ದಿನ ಶಾಲೆಗೇ ಹೋಗಿ, ಅಡುಗೆಮನೆಯ ಹಿಂದೆ ಅವಳನ್ನು ನಿಲ್ಲಿಸಿಕೊಂಡು ಬಾಯಿಗೆ ಬಂದ ಹಾಗೆ ಬೈದೆ. ಅವಳು ಅಳಲಿಲ್ಲ. ಕೈಯಲ್ಲಿದ್ದ ಸೌಟನ್ನು ಕೆಳಗಿಡದೆ ಹೇಳಿದಳು.

"ನಾನ್ ಓಡ್ ಬರೋ ಹೊತ್ಗೆ ಯಾರೋ ಪುಣ್ಯಾತ್ಮರು ಅವ್ರನ್ನ ಆಟೋಗೆ ಹಾಕಿ ಕಳ್ಸಿಬುಟ್ಟಿದ್ರು. ಟಿಪ್ಪರೂ ಹೊಂಟೋಗಿತ್ತು. ಬಸ್ ಬರೋಗಂಟ ಅಲ್ಲೇ ನಿಂತಿದ್ದೆ. ಬದುಕವ್ರೋ ಇಲ್ವೋ ಗೊತ್ತಿಲ್ಲ. ನಮ್ಮಟ್ಟೀಲಿ ಹೇಳೋರು, ಜೀವ ಇರೋರ ರಕ್ತ ದಾರೀಲಿ ಬಿದ್ರೆ ತುಳಿಯಾಕೆ ಬುಡಬಾರ್ದು, ಚಕ್ರ ಹರುದ್ರೆ ಆ ಜೀವ ನಿಲ್ಲಾಕಿಲ್ಲ ಅಂತ. ಕಾಲುವೆ ಕಡೆ ಬಸ್ಸು ಲಾರಿ ಎಲ್ಲ ಮಣ್ಣಿಗೇ ಇಳೀತವೆ. ಸ್ಕೂಲಿಂದ ಸಲಿಕೆ ಬಾಂಡ್ಲಿ ತಂದು ರಕ್ತ ಆಗಿದ್ ಮಣ್ಣೆಲ್ಲ ಬಾಚಿ ಆ ಕಡೆ ಹೊಂಗೆ ಮರದ ತಾವ ಹಾಕಿ ಕಲ್ಲಿಟ್ಟು ಕುಂಕುಮ ಹಾಕ್ದೆ. ಗಾಜಿನ ಚೂರೂ ಅದ್ರಲ್ಲೇ ಬಂದ್ವು. ಮಾರ್ನೆ ದಿನ ಪೊಲೀಸ್ನೋರು ಬಂದು, ಎಲ್ಲಮ್ಮ ರಕ್ತ ಅಂದ್ರು. ರಕ್ತ ಇದ್ದಿದ್ದು ಅಲ್ಲೇ ತಾನೇ? ತೋರ್ಸ್ದೆ."

"ನಂಗ್ಯಾಕೆ ಸುಳ್ಳು ಹೇಳ್ದೆ?"

"ಯಾರೋ ನೋಡಿ ಹೇಳವ್ರೆ, ಬಿಳಿ ಷರಟಿನೋರು ಆಸ್ಪತ್ರೆಗೇ ಬಂದಿದ್ರು. ನೀನೇ ಸಾಕ್ಷಿ ಎತ್ತಾಕಿದ್ಯ, ಬಾಯಿ ಬುಟ್ರೆ ನಿಂಗೇ ಜೈಲು ಅಂದ್ರು. ನಾನ್ ಒಳಗೋದ್ರೆ ಅವ್ರನ್ನ ಎತ್ತೋರ್ಯಾರು, ಕೂರ್ಸೋರ್ಯಾರು?" ಆಮೇಲೆ ದನಿ ತಗ್ಗಿಸಿ, "ಅವ್ರಿಗೆ ಹೇಳ್ಬೇಡಿ ಮೇಡಂ. ನನ್ನಿಂದ್ಲೇ ಕೇಸು ಹಾಳಾಯ್ತು ಅಂತ ಗೊತ್ತಾದ್ರೆ..." ಎಂದು ನಿಲ್ಲಿಸಿದಳು.

ಅಲ್ಲಿಯೇ, ಬೇಳೆ ಬೇಯುವ ವಾಸನೆಯ ನಡುವೆ ನಿಂತು ನಾನು ತೀರ್ಮಾನಕ್ಕೆ ಬಂದೆ. ಬೆದರಿಕೆ ಬರೀ ಗಾಳಿ. ಗಂಡ ಬದುಕಲಿ ಅಂತ ಮಣ್ಣು ಎತ್ತಿದವಳನ್ನು ಯಾವ ಕೋರ್ಟೂ ಜೈಲಿಗೆ ಕಳಿಸುವುದಿಲ್ಲ. ಅವಳು ಸಾಕ್ಷಿ ಕಟ್ಟೆಯಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಎಎಸ್‌ಐ ಬಂದು, ಆಕೆ ತೋರಿಸಿದ ಜಾಗವನ್ನೇ ಅಳೆದೆ ಎನ್ನಬೇಕು. ಜೊತೆಗೆ ಟಿಪ್ಪರಿನ ಬಲಮೂಲೆಯ ವರದಿ. ಮೂರೂ ಸೇರಿದರೆ ಅರ್ಜಿ ಉಳಿಯುತ್ತದೆ. ಅದಕ್ಕೆ ಮೊದಲು ನನ್ನ ಲಂಚದ ದೂರನ್ನು ವಾಪಸು ತೆಗೆದುಕೊಳ್ಳಬೇಕು. ಗಂಡನಿಗೆ ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ.

ಎಎಸ್‌ಐ ಶಿರಾ ಗೇಟಿನ ಸರ್ಕಲ್ಲಿನಲ್ಲಿ, ನನ್ನ ಆಫೀಸಿನ ಕಿಟಕಿಯಿಂದ ಕಾಣುವ ಹಾಗೆ ಸೀಟಿ ಊದುತ್ತ ನಿಲ್ಲುತ್ತಿದ್ದರು. ವಾಪಸಾತಿ ಪತ್ರದ ಪ್ರತಿ ಹಿಡಿದು ಕೆಳಗಿಳಿದು ಹೋದೆ. ಓದಿದರು. ಮಡಿಚಿ ಜೇಬಿಗೆ ಹಾಕಿಕೊಂಡರು.

"ಮಗಳ ಸಂಬಂಧ ಮಾತಾಡಾಕ್ ಬಂದೋರು ನಿಮ್ ದೂರು ಮೊಬೈಲಲ್ಲಿ ಇಟ್ಕಂಡೇ ಬಂದಿದ್ರು ಮೇಡಂ. ಅವ್ರಿಗೂ ಒಂದ್ ಪತ್ರ ಬರೀತೀರಾ?"

ನಾನು ತಪ್ಪಾಯಿತು ಅಂದೆ. ಟಿಪ್ಪರಿನ ಬಲಮೂಲೆಯನ್ನು ಯಾಕೆ ನೋಡಲಿಲ್ಲ ಎಂದು ಕೇಳುವುದನ್ನೂ ಬಿಡಲಿಲ್ಲ.

"ಒಂದೇ ದಿನ ನಾಕ್ ಕೇಸು. ರಕ್ತ ಇತ್ತು, ಗಾಜು ಇತ್ತು, ಹೆಂಡ್ತಿ ನಿಂತು ತೋರ್ಸಿದ್ಲು. ಇನ್ನೇನ್ ನೋಡ್ಬೇಕಿತ್ತು?" ಎಂದವರು, ಒಂದು ಬಸ್ಸಿಗೆ ಕೈ ತೋರಿಸಿ ದಾರಿ ಬಿಟ್ಟು, "ಸಮನ್ಸ್ ಕಳ್ಸಿ, ಬತ್ತೀನಿ. ಇದ್ದಿದ್ದು ಹೇಳ್ತೀನಿ" ಅಂದರು.

ಅಲ್ಲಿಂದ ಎಲ್ಲ ಸರಿಹೋಗುತ್ತಿರುವ ಹಾಗೆ ಕಂಡಿತು. ಮನೆ ಮುಂದೆ ಟಿಪ್ಪರು ನಿಲ್ಲುವುದು ನಿಂತುಹೋಯಿತು. ಬಿಳಿ ಷರಟಿನವನು ಟೀ ಅಂಗಡಿಯಲ್ಲಿ ಕಾಣಲಿಲ್ಲ. ಸೋತು ಹಿಂದೆ ಸರಿದರು ಅಂದುಕೊಂಡೆ. ಮನೆಯೊಳಗಿನ ಹಾವು ಕಣ್ಣಿಗೆ ಬೀಳದಿದ್ದರೆ ಹೋಯಿತು ಅಂತ ಅರ್ಥವಲ್ಲ. ಇಷ್ಟನ್ನೂ ತಿಳಿಯದವಳಾಗಿದ್ದೆ. ಆ ದಿನಗಳಲ್ಲೇ ಕಕ್ಷಿದಾರ ಗುಬ್ಬಿ ಕೋರ್ಟಿನ ಸಮನ್ಸ್ ತಂದುಕೊಟ್ಟ. ಪೊಲೀಸರು ಅವನ ಮೇಲೆ ಹಾಕಿದ್ದ ಕೇಸಿನದು.

"ಇದಕ್ಕೇನ್ ಮಾಡ್ಬೇಕು ಮೇಡಂ?"

ನನ್ನ ತಲೆಯೆಲ್ಲ ತುಮಕೂರಿನ ನ್ಯಾಯಮಂಡಳಿಯಲ್ಲಿತ್ತು. "ಅದೇನ್ ದೊಡ್ಡದಲ್ಲ ಕಣಪ್ಪ, ನಾನು ನೋಡ್ಕೋತೀನಿ" ಎಂದು ಸಮನ್ಸನ್ನು ಕಡತದೊಳಗೆ ಸೇರಿಸಿದೆ. ಆ ಕೋರ್ಟಿನಲ್ಲಿ ಏನು ಕೇಳುತ್ತಾರೆ, ಏನು ಹೇಳಬೇಕು, ಏನನ್ನು ಜೀವ ಹೋದರೂ ಹೇಳಬಾರದು ಅನ್ನುವ ಮೂರು ಮಾತನ್ನು ನಾನು ಅವನಿಗೆ ಹೇಳಲಿಲ್ಲ.

ಲೋಕ ಅದಾಲತ್ತಿನ ಶನಿವಾರ ಬಂತು. ಆ ದಿನ ಎಲ್ಲ ಕೋರ್ಟುಗಳಲ್ಲೂ ರಾಜಿ ಪಂಚಾಯ್ತಿ ಜಾತ್ರೆಯಂತೆ ನಡೆಯುತ್ತದೆ. ಸಣ್ಣಪುಟ್ಟ ಕೇಸಿನವರು ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಮಧ್ಯಾಹ್ನದೊಳಗೆ ಮನೆಗೆ ಹೋಗುತ್ತಾರೆ. ನಾನು ತುಮಕೂರಿನಲ್ಲಿ ಬೇರೆಯವರ ರಾಜಿಗಳಲ್ಲಿ ಮುಳುಗಿದ್ದೆ. ಹನ್ನೊಂದರ ಹೊತ್ತಿಗೆ ಹೆಂಡತಿಯ ಫೋನು ಬಂತು.

"ಮೇಡಂ, ನೀವು ಕಾರ್ ಕಳ್ಸಿದ್ರಾ? ಅವ್ರು ಬಿಳಿ ಕಾರಲ್ಲಿ ಗುಬ್ಬಿ ಕೋರ್ಟಿಗೋದ್ರು. ಮೇಡಮ್ಮೋರೇ ಕರ್ದವ್ರೆ ಅಂದ್ರು ನಂಗೆ."

ನಾನು ಯಾವ ಕಾರೂ ಕಳಿಸಿರಲಿಲ್ಲ. ಅವಳಿಗೂ ಬರಲು ಹೇಳಿ, ಆಟೋ ಹಿಡಿದೆ. ಗುಬ್ಬಿ ಮುಟ್ಟುವಷ್ಟರಲ್ಲಿ ಗೊತ್ತಿದ್ದ ವಕೀಲರೊಬ್ಬರಿಗೆ ಆರು ಸಲ ಫೋನು ಮಾಡಿದೆ. ಅದಾಲತ್ತಿನ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ. ಕೋರ್ಟಿನ ಮೆಟ್ಟಿಲ ಮೇಲೆ, ಊರುಗೋಲು ಪಕ್ಕಕ್ಕಿಟ್ಟು ನನ್ನ ಕಕ್ಷಿದಾರ ಕೂತಿದ್ದ. ಕಾರೂ ಇರಲಿಲ್ಲ, ಕರೆತಂದವನೂ ಇರಲಿಲ್ಲ. ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದ. ಮುಖದಲ್ಲಿ ಎಷ್ಟೋ ತಿಂಗಳಿನಿಂದ ಕಾಣದಿದ್ದ ಗೆಲುವಿತ್ತು.

"ಮುಗೀತು ಮೇಡಂ. ತಪ್ಪು ನಂದೇ ಅಂತ ಒಪ್ಕಂಡೆ. ದಂಡಾನೂ ಕಟ್ಟಾಯ್ತು. ಇನ್ ಅವಳ್ನ ಯಾರೂ ಏನೂ ಕೇಳಂಗಿಲ್ಲ."

ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅವನಿಗೆ ಎಲ್ಲ ಗೊತ್ತಿತ್ತು. ಹೆಂಡತಿಗೆ ಹೇಳಿದ ಮಾತನ್ನೇ ಬಿಳಿ ಷರಟಿನವನು ಗಂಡನಿಗೂ ಹೇಳಿದ್ದ: ಅವಳು ಸಾಕ್ಷಿ ಎತ್ತಿಹಾಕಿದ್ದಾಳೆ, ಕೇಸು ಮುಂದುವರಿದರೆ ಒಳಗೆ ಹೋಗುತ್ತಾಳೆ, ನೀನು ತಪ್ಪು ಒಪ್ಪಿಕೊಂಡರೆ ಎಲ್ಲ ಅಲ್ಲಿಗೇ ಮುಗಿಯುತ್ತದೆ. ನಾನು ಅವಳ ಸಾಕ್ಷಿಗೆ ದಿನ ಗೊತ್ತು ಮಾಡಿಸಿದ್ದೇ ತಡ, ಮತ್ತೆ ಬಂದು ಅದಾಲತ್ತಿನ ದಾರಿ ತೋರಿಸಿದ್ದ. ಗಂಡನಿಗೆ ಗೊತ್ತಿಲ್ಲ ಅಂತ ಹೆಂಡತಿ, ಹೆಂಡತಿಗೆ ಗೊತ್ತಾಗಬಾರದು ಅಂತ ಗಂಡ, ಅವಳಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ನಾನು. ಮೂವರ ಬಾಯಿಗೂ ಬೀಗ ಹಾಕಿ ಕೀಲಿ ಅವನೇ ಇಟ್ಟುಕೊಂಡಿದ್ದ.

ಅಷ್ಟರಲ್ಲಿ ಅವಳು ಬಸ್ಸಿಳಿದು ಓಡಿಬಂದಳು. "ಏನಂದೆ ಒಳಗೆ?" ಎಂದು ಗಂಡನನ್ನು ಕೇಳಿದಳು. ಅವನು ಹೇಳಿದ. ಅವಳು ಮೆಟ್ಟಿಲ ಮೇಲೆ ಅವನ ಪಕ್ಕಕ್ಕೆ ಕುಸಿದು ಕೂತು, ಅವನ ಭುಜಕ್ಕೆ ಎರಡು ಗುದ್ದು ಗುದ್ದಿದಳು. ಅವನು ಸುಮ್ಮನೆ ಗುದ್ದಿಸಿಕೊಂಡ. ನನಗೆ ಇಬ್ಬರ ಮುಂದೆಯೂ ನಿಲ್ಲಲಾಗದೆ ಅಂಗಳದ ಬೇವಿನ ಮರದ ಕಡೆ ಹೋಗಿ ನಿಂತೆ.

ಆದರೂ ಅವಳು ನ್ಯಾಯಮಂಡಳಿಯಲ್ಲಿ ಸಾಕ್ಷಿ ಹೇಳಿದಳು. ಹೇಳಲೇಬೇಕು ಎಂದು ಹಠ ಹಿಡಿದವಳು ಈಗ ಅವಳೇ. ಕಾಲುವೆ ಬದಿಯ ಮಣ್ಣು, ಬಾಂಡ್ಲಿ, ಕಲ್ಲು, ಒಂದನ್ನೂ ಬಿಡಲಿಲ್ಲ. ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ, "ಹಾಗಾದರೆ ನಿಮ್ಮ ಗಂಡ ಆರೋಪಿಯಾಗಲು ನೀವೇ ಕಾರಣ ಅನ್ನಿ" ಎಂದು ಚುಚ್ಚಿದರು.

"ಹೂಂ, ನಾನೇ. ಬರ್ಕಳಿ ಸ್ವಾಮಿ. ಆದ್ರೆ ಟಿಪ್ಪರು ಬಂದಿದ್ದು ಕಾಲುವೆ ಕಡೆಗೆ. ಅದನ್ನೂ ಬರ್ಕಳಿ."

ಎಎಸ್‌ಐ ಮಾತು ಉಳಿಸಿಕೊಂಡರು. ಬಂದು, ಆಕೆ ತೋರಿಸಿದ ಜಾಗವನ್ನು ಅಳೆದೆ, ಜಖಂ ವರದಿಯ ಜೊತೆ ತಾಳೆ ನೋಡಲಿಲ್ಲ ಎಂದು ಒಪ್ಪಿಕೊಂಡರು. ಆ ಒಂದು ಮಾತಿಗೆ ಅವರ ಇಲಾಖಾ ವಿಚಾರಣೆ ಇನ್ನಷ್ಟು ಉದ್ದವಾಯಿತು ಎಂದು ಆಮೇಲೆ ತಿಳಿಯಿತು.

ತೀರ್ಪು ಬಂತು. ನ್ಯಾಯಾಧೀಶರು ಹೆಂಡತಿಯ ಸಾಕ್ಷಿಯನ್ನು ಅಕ್ಷರ ಅಕ್ಷರವೂ ನಂಬಿದ್ದರು. ನಕ್ಷೆಯನ್ನು ಆಧಾರವಾಗಿ ಹಿಡಿಯಲಾಗದು, ಟಿಪ್ಪರೇ ತನ್ನ ಬದಿ ಬಿಟ್ಟು ಬಂದಿದೆ ಎಂದು ಬರೆದಿದ್ದರು. ಅದರ ಮುಂದಿನ ಪ್ಯಾರಾದಲ್ಲಿ, ಅರ್ಜಿದಾರ ಗುಬ್ಬಿಯ ನ್ಯಾಯಾಲಯದಲ್ಲಿ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಿರುವುದನ್ನು ಇಲ್ಲವೆನ್ನಲಾಗದು, ಆದ್ದರಿಂದ ಅಪಘಾತದಲ್ಲಿ ಅರ್ಧ ಹೊಣೆ ಅವನದು, ಪರಿಹಾರವೂ ಅರ್ಧ ಎಂದಿತ್ತು. ಅವಳ ಕಲ್ಲಿನಿಂದ ಒಂದು ಪೈಸೆಯೂ ಹೋಗಿರಲಿಲ್ಲ. ಹೋದದ್ದೆಲ್ಲ ಅವನು ಅವಳನ್ನು ಉಳಿಸಲು ಆಡಿದ ಒಂದು ಮಾತಿಗೆ ಹೋಗಿತ್ತು.

ಅವರಿಬ್ಬರೂ ನನ್ನ ಆಫೀಸಿನ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು. ಅರ್ಧ ಅಂತ ಹೇಳಿದೆ.

"ಇನ್ನರ್ಧ ಹೋಗಿದ್ದು ನಾನ್ ಕಲ್ಲಿಟ್ಟಿದ್ದಕ್ಕಾ?" ಎಂದಳು ಅವಳು. "ಇಲ್ಲ ಕಣೇ, ನಾನ್ ಒಪ್ಕಂಡಿದ್ದಕ್ಕೆ. ಅಲ್ವಾ ಮೇಡಂ?" ಎಂದ ಅವನು. ಇಬ್ಬರೂ ತಪ್ಪನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಯಾವುದನ್ನು ನಾನು ಹೌದೆಂದರೂ ಅದು ಅವರ ಮನೆಯಲ್ಲಿ ಜೀವನಪೂರ್ತಿ ಕೂತಿರುತ್ತದೆ.

"ಸಮನ್ಸ್ ತಂದು ನನ್ನ ಕೈಗೆ ಕೊಟ್ಟು ಏನ್ ಮಾಡ್ಬೇಕು ಅಂತ ಕೇಳಿದ್ರಿ" ಅಂದೆ. "ಒಪ್ಪಿಕೋಬೇಡ ಅಂತ ಒಂದ್ ಮಾತು ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ಅರ್ಧ ಹೋಗಿದ್ದು ನನ್ನಿಂದ." ಅವರ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು.

"ಬುಡಿ ಮೇಡಂ, ಆಗಿದ್ದಾಯ್ತು" ಎಂದ ಅವನು, ಊರುಗೋಲಿಗೆ ಕೈ ಹಾಕುತ್ತ.

ಅವಳು ಏಳಲಿಲ್ಲ. "ಯಾಕ್ ಬುಡ್ಬೇಕು?" ಅಂದಳು. "ಮೇಲಿನ ಕೋರ್ಟು ಐತಂತಲ್ಲ. ಈಗ ಹೇಳುದ್ರಲ್ಲ ಮೇಡಂ, ಅದನ್ನ ಅಲ್ಲೂ ಹೇಳ್ತೀರಾ?"

ಹೇಳಬಹುದಿತ್ತು. ವಕೀಲರ ತಿಳುವಳಿಕೆ ಸಿಗದೆ ಕೊಟ್ಟ ತಪ್ಪೊಪ್ಪಿಗೆ ಅದು ಎಂದು, ಆ ವಕೀಲರೇ ಪ್ರಮಾಣಪತ್ರ ಬರೆದುಕೊಟ್ಟರೆ ಮೇಲೆ ಕೇಳುವವರು ಇರಬಹುದು. ಹಾಗೆ ಬರೆದುಕೊಟ್ಟ ವಕೀಲೆಯ ಹತ್ತಿರ ಆಮೇಲೆ ಯಾರು ಕಡತ ತರುತ್ತಾರೆ? ಕೆಳಗೆ ಸರ್ಕಲ್ಲಿನಲ್ಲಿ ಹಾರ್ನುಗಳು ಕೂಗುತ್ತಿದ್ದವು. ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಹೇಳ್ತೀನಿ" ಅಂದೆ.

ಅವಳು ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದಳು.

"ಬರ್ದು ಕೊಡಿ."